ಕೊನೆಯ ಅಂಕಿ ಹತ್ತರಿಂದ

ಭಾಗಾಕಾರ ಕಂಡರೆ ತಾಯಣ್ಣ ಮಾಸ್ತರಿಗೆ ಮೈ ಉರಿಯುತ್ತಿತ್ತು. ಲೆಕ್ಕ ಕಲಿಸುವವನ ಬಾಯಲ್ಲಿ ಇಂಥ ಮಾತು ಬರಬಾರದು, ನಿಜ, ಆದರೆ ಬರುತ್ತಿತ್ತು. ಮಾನ್ವಿಯ ಶಾಲೆಯಲ್ಲಿ ದೊಡ್ಡ ತರಗತಿಯ ಹುಡುಗರು ಮಾರುದ್ದದ ಭಾಗಾಕಾರ ಹಾಕಿಕೊಂಡು, ಅರ್ಧ ದಾರಿಯಲ್ಲಿ ಎಡವಿ, ಎಂಜಲು ಹಚ್ಚಿ ಪಾಟಿ ಒರೆಸುವುದನ್ನು ನೋಡಿದನೆಂದರೆ, "ಏ, ಬಿಡ್ರಲೇ ಅದನ್ನ! ಭಾಗಿಸಬ್ಯಾಡ್ರಿ, ಕೂಡಿಸ್ರಿ!" ಎಂದು ಕೂಗುತ್ತಿದ್ದ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೂಗಿದ ಮೇಲೆ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದ. ಆ ಮಾತು ಅವನದಲ್ಲ, ಬುರ್ಹಾನುದ್ದೀನ್ ಮುನ್ಷಿಯವರದು. ಆಡಿದಾಗೆಲ್ಲ ಅವರ ನೆನಪಾಗುತ್ತಿತ್ತು.

ಈಗ ನಲವತ್ತೊಂಬತ್ತನೆಯ ಇಸವಿ. ನಿಜಾಮರ ಆಳ್ವಿಕೆ ಮುಗಿದು ವರ್ಷವಾಯಿತು, ಕಚೇರಿಗಳ ಬೋರ್ಡು ಬದಲಾದವು, ಕಾಗದಗಳ ಭಾಷೆ ಬದಲಾಯಿತು. ಎಲ್ಲಾ ಒಳ್ಳೆಯದೇ, ಯಾರು ಬೇಡ ಅಂದರು? ಆದರೂ ಮಾಸ್ತರಿಕೆಗೆ ಮೊದಲು ತಾನಿದ್ದ ರಾಯಚೂರಿನ ಆ ಹಳೆಯ ಸರ್ವೆ ಕಚೇರಿಯ ಕಲ್ಲಿನ ಮೆಟ್ಟಿಲು ನೆನಪಾದರೆ ತಾಯಣ್ಣನಿಗೆ ಮಿಕ್ಕಿದ್ದೆಲ್ಲ ಸಪ್ಪೆ ಅನಿಸುತ್ತಿತ್ತು. ಮಧ್ಯಾಹ್ನ ಆ ಮೆಟ್ಟಿಲ ಮೇಲೆ ಮುನ್ಷಿಯವರು ತಮ್ಮ ಡಬ್ಬಿ ಬಿಚ್ಚುತ್ತಿದ್ದರು, ತಾಯಣ್ಣ ರೊಟ್ಟಿ ಗಂಟು ಬಿಚ್ಚುತ್ತಿದ್ದ. ಅವರ ಹುಳಿ ಬೇಳೆ ಇವನ ರೊಟ್ಟಿಗೆ, ಇವನ ಪುಂಡಿಪಲ್ಯೆ ಅವರ ಅನ್ನಕ್ಕೆ. ಇವನು ಮಸರಕಲ್ಲಿನ ಕೇರಿಯವನೆಂದು ಕಚೇರಿಯ ಉಳಿದವರೆಲ್ಲ ಎರಡು ಮಾರು ದೂರ ಕೂತು ಉಣ್ಣುತ್ತಿದ್ದ ದಿನಗಳವು. ಮುನ್ಷಿಯವರು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ಕಚೇರಿಗೆ ತಾಯಣ್ಣ ಬಂದದ್ದು ಅಪ್ಪನ ಹಟದಿಂದ. ಅಪ್ಪ ಅಯ್ಯಪ್ಪ ಸರ್ವೆಯವರ ಜೊತೆ ಹದಿನೆಂಟು ವರ್ಷದಿಂದ ಸರಪಳಿ ಎಳೆಯುತ್ತಿದ್ದ. ನೂರು ಅಡಿಯ ಕಬ್ಬಿಣದ ಸರಪಳಿ. ಮುಂದಿನ ಹಿಡಿ ಒಬ್ಬನಿಗೆ, ಹಿಂದಿನ ಹಿಡಿ ಅಯ್ಯಪ್ಪನಿಗೆ. ಓದು ಬರೆಹ ಬಾರದು, ಆದರೆ ಹಿಂದಿನ ಹಿಡಿ ಅವನ ಕೈಯಲ್ಲಿದ್ದರೆ ಅಳತೆ ಹಾದಿ ತಪ್ಪುವುದಿಲ್ಲವೆಂದು ದೇವದುರ್ಗದಿಂದ ಚಂದ್ರಬಂಡದವರೆಗೆ ಹೆಸರು. ದಿನಾ ಮುಂಜಾನೆ ಎರಡು ಗೂಟಗಳ ನಡುವೆ ಸರಪಳಿ ಹಿಡಿದು ನೋಡಿ, ಕೊಂಡಿ ಸವೆದಿದ್ದರೆ ಬಡಿದು ಸರಿ ಮಾಡಿಯೇ ಹೊಲಕ್ಕೆ ಇಳಿಯುವ ಮನುಷ್ಯ. ಯಾರಾದರೂ "ಎರಡಂಗುಲ ಹೆಚ್ಚಾಗೇದಲ್ಲೋ ಅಯ್ಯಪ್ಪ" ಅಂದರೆ ಸಾಕು, ಊಟ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ. ಅಂಥವನು ಮಗನನ್ನು ರಾಯಚೂರಿನ ಶಾಲೆಗೆ ಹಾಕಿ, ಸಾಹೇಬರ ಕೈಕಾಲು ಹಿಡಿದು ಕಚೇರಿಯಲ್ಲಿ ಪಟ್ಟಿ ನಕಲು ಮಾಡುವ ಕೆಲಸಕ್ಕೆ ಸೇರಿಸಿದ.

ಮುನ್ಷಿಯವರು ಕಚೇರಿಯ ಹಿರಿಯ ಲೆಕ್ಕಿಗರು. ದುರ್ಬೀನಿನಿಂದ ಅಳೆದು ತಂದ ಕೋನಗಳನ್ನು ಹಿಡಿದು ತ್ರಿಕೋನದ ಭುಜ ಎಷ್ಟುದ್ದ ಎಂದು ಕಾಗದದ ಮೇಲೆ ಹೇಳುವುದು ಅವರ ಕೆಲಸ. ನಕಲು ಮಾಡುವ ಹುಡುಗ ತಾನು ಬರೆಯುತ್ತಿರುವ ಅಂಕಿಯ ಅರ್ಥ ಕೇಳಿದ್ದು ಅವರಿಗೆ ಹಿಡಿಸಿಬಿಟ್ಟಿತು. ಒಂದು ವರ್ಷ ಆ ಮೆಟ್ಟಿಲ ಮೇಲೆಯೇ ಪಾಠ ನಡೆಯಿತು. ಗುಣಾಕಾರದ ಬದಲು ಲಾಗರಿದಮ್ ಪುಸ್ತಕ ನೋಡಿ, ಎರಡೂ ಸಂಖ್ಯೆಗಳ ಲಾಗ್ ಕೂಡುವುದನ್ನು ಕಲಿಸಿದರು. ಭಾಗಾಕಾರಕ್ಕೆ ಕಳೆಯಬೇಕಲ್ಲ ಎಂದು ತಾಯಣ್ಣ ಕೇಳಿದಾಗ ಮುನ್ಷಿಯವರು ಗಡ್ಡ ನೀವಿಕೊಂಡು ನಕ್ಕರು.

"ಕಳಿಯಾಕ ಹೋದಲ್ಲೇ ಮಂದಿ ತಪ್ತಾರ ಬೇಟಾ. ಒಂದು ಕೂಡು, ಒಂದು ಕಳಿ, ಮತ್ತೊಂದು ಕೂಡು, ತಲಿ ಕೆಟ್ಟು ಹೋಗ್ತದ. ಅದಕ್ಕ ಕೋಲಾಗ್ ಅಂತ ಅದ. ಭಾಗಿಸೋ ಸಂಖ್ಯಾದ ಲಾಗನ್ನ ಹತ್ತರಾಗಿಂದ ತಗದು ಇಟ್ಟುಬಿಡು. ಆಮ್ಯಾಲ ಭಾಗಿಸೂದೇ ಇಲ್ಲ. ಎಲ್ಲಾನೂ ಒಂದರ ಕೆಳಗೊಂದು ಬರದು ಕೂಡಿಸು, ಕಡೀಕೆ ಹತ್ತು ಬಿಟ್ಟುಬಿಡು."

"ಹತ್ತರಾಗಿಂದ ತಗಿಯೂದೂ ಕಳಿಯೂದೇ ಅಲ್ಲೇನ್ರಿ ಸಾಬ್ರ?"

"ಅರೇ, ಅದನ್ನ ಪುಸ್ತಕ ನೋಡಿಕೋತ ನೋಡಿಕೋತನ ಬರೀಬಹುದಲ್ಲೋ! ಎಡಗಡಿಂದ ಹಿಡಿ. ಎಲ್ಲಾ ಅಂಕಿ ಒಂಬತ್ತರಾಗಿಂದ, ಕೊನೀ ಅಂಕಿ ಹತ್ತರಾಗಿಂದ. ಆತು, ಮುಗೀತು."

ತಾಯಣ್ಣ ಅಲ್ಲೇ ನಾಲ್ಕಾರು ಲೆಕ್ಕ ಮಾಡಿ ನೋಡಿದ. ಎಲ್ಲಾ ಸರಿ ಬಂದವು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಅವತ್ತಿಗೆ ಒಂದು ವಾರಕ್ಕೆ, ನಲವತ್ನಾಲ್ಕನೆಯ ಇಸವಿಯ ಚಳಿಗಾಲದಲ್ಲಿ, ಕಾಲುವೆಯ ಸರ್ವೆಗೆಂದು ದೇವದುರ್ಗದಲ್ಲಿ ಡೇರೆ ಹಾಕುವ ಹುಕುಂ ಬಂತು. ಮುನ್ಷಿಯವರು ಮೊದಲ ಲೆಕ್ಕಿಗರು; ಅವರ ಶಿಫಾರಸಿನ ಮೇಲೆ ತಾಯಣ್ಣ ಎರಡನೆಯವನು. ಅಯ್ಯಪ್ಪ ಅದೇ ಗುಂಪಿನಲ್ಲಿ ಸರಪಳಿ ಹಿಡಿದಿದ್ದ. ಮಗನ ಹೆಸರು ಹಾಜರಿಯಲ್ಲಿ ಲೆಕ್ಕಿಗರ ಸಾಲಿನಲ್ಲಿ ಕೂಗಿದ ದಿನ ಅಪ್ಪ ಗೆಳೆಯರಿಗೆಲ್ಲ ಬೆಲ್ಲ ಹಂಚಿದ.

ಲೆಕ್ಕಿಗರು ಇಬ್ಬರು ಏಕೆಂದರೆ, ಅಲ್ಲಿ ಜೋಡಿ ಹಾಳೆಯ ಪದ್ಧತಿ ಇತ್ತು. ಒಂದೇ ತ್ರಿಕೋನವನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಮಾಡಬೇಕು. ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ಒಬ್ಬರದನ್ನೊಬ್ಬರು ನೋಡಕೂಡದು. ಸಂಜೆ ಇಂಜಿನಿಯರ್ ಸಾಹೇಬರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಉತ್ತರ ಕೂಡಿತೋ ಇಲ್ಲವೋ ನೋಡುತ್ತಿದ್ದರು. ಕೂಡಿದರೆ ಸಹಿ. ಎರಡು ಬೇರೆ ತಲೆ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಸರ್ವೆ ನಿಂತಿತ್ತು.

ದೇವದುರ್ಗಕ್ಕೆ ಬಂದ ಐದನೆಯ ದಿನ ಮುನ್ಷಿಯವರು ಲಾಗ್ ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಡೇರೆಯ ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದರು. ಆಮೇಲೆ ಅದನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ತಾಯಣ್ಣ, ಮೂರು ಯಾವುದು, ಎಂಟು ಯಾವುದು ತಿಳೀವಲ್ದು ನನಗ" ಎಂದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಯಚೂರಿನಲ್ಲಿಯೇ ಶುರುವಾಗಿತ್ತಂತೆ, ಹೇಳಿಕೊಂಡಿರಲಿಲ್ಲ. ನಿವೃತ್ತಿಗೆ ಇನ್ನು ಏಳು ತಿಂಗಳು. ಮನೆಯಲ್ಲಿ ಹೆಂಡತಿ ಮಹಬೂಬಿಯ ಮುಂದೆ ಕೂಡ ಬಾಯಿ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಅಂಕಿಯ ಮೇಲೆ ಬದುಕಿದ ಮನುಷ್ಯ ಅಂಕಿ ಕಾಣುವುದಿಲ್ಲ ಎಂದು ಯಾರ ಮುಂದೆ ಹೇಳಿಯಾನು! ತಾಯಣ್ಣ ಹಿಂದೆ ಮುಂದೆ ನೋಡಲಿಲ್ಲ. "ನಾ ಅದೀನಲ್ರಿ ಸಾಬ್ರ" ಎಂದ. ಅವತ್ತಿನಿಂದ ಅವನು ಎರಡೂ ಹಾಳೆ ಮಾಡತೊಡಗಿದ. ಕದ್ದು ನಕಲು ಮಾಡಲಿಲ್ಲ. ಒಂದು ಹಾಳೆ ಮುಗಿಸಿ ಮುಚ್ಚಿಟ್ಟು, ಮೊದಲಿಂದ ಮತ್ತೆ ಲಾಗ್ ನೋಡಿ, ಮುನ್ಷಿಯವರ ಅಂಕಿಯ ವರಸೆಯಲ್ಲೇ ಎರಡನೆಯದನ್ನು ಬರೆಯುತ್ತಿದ್ದ; ಅವರ ಪಟ್ಟಿಗಳನ್ನು ನಕಲು ಮಾಡಿ ಪಳಗಿದ ಕೈ ಅದು. ಅದರ ಕೆಳಗೆ ಮುನ್ಷಿಯವರು ತಡಕಿ ತಡಕಿ ಸಹಿ ಹಾಕುತ್ತಿದ್ದರು. ತಪ್ಪಲ್ಲವೇ? ತಪ್ಪೇ. ಆದರೆ ಅನ್ನ ಹಂಚಿಕೊಂಡು ಉಂಡವರ ಸಲುವಾಗಿ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಅವನಿಗೆ ಆಗ ಅನಿಸಿತು.

ದೇವದುರ್ಗದ ಕಡೆಯಿಂದ ತ್ರಿಕೋನಗಳು ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ಇಳಿದು ಬಂದು ಎರಡು ತಿಂಗಳಿಗೆ ಮಾನ್ವಿ ಸೀಮೆಯ ಬಾಗಲವಾಡ ಮುಟ್ಟಿದವು. ಒಟ್ಟು ಹದಿನಾಲ್ಕು. ಕಡೆಯ ತ್ರಿಕೋನದ ಒಂದು ಭುಜ ಸಪಾಟಾದ ಎರೆ ಹೊಲದ ಮೇಲೆ ಬಿದ್ದಿತ್ತು. ಕಾಗದದ ಲೆಕ್ಕ ನೆಲಕ್ಕೆ ಸರಿಹೋಗುತ್ತದೋ ಇಲ್ಲವೋ ನೋಡಲು ಸಾಹೇಬರು ಅದನ್ನು ಸರಪಳಿಯಿಂದ ಅಳೆಸಿದರು. ಜೋಳ ಕೊಯ್ದ ಹೊಲ, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಅಯ್ಯಪ್ಪ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆದ. ಎರಡು ಸಲವೂ ಎಂಬತ್ತಾರು ಸರಪಳಿ ನಲವತ್ತು ಅಡಿ, ಅಂದರೆ ಎಂಟು ಸಾವಿರದ ಆರುನೂರ ನಲವತ್ತು. ಜೋಡಿ ಹಾಳೆ ಎರಡೂ ಹೇಳಿದ್ದು ಎಂಟು ಸಾವಿರದ ಆರುನೂರ ಮೂವತ್ತೆಂಟು.

ಎರಡು ಅಡಿ! ಸಾಹೇಬರು ಹೈದರಾಬಾದಿನವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಸರಪಳಿ ಬಿಗಿಯಾಗಿ ಹಿಡಿಯದೆ ಜೋಲು ಬಿಟ್ಟರೆ ಅಳತೆ ಹೆಚ್ಚು ಬರುತ್ತದೆಂದು ಯಾರಿಗೆ ಗೊತ್ತಿಲ್ಲ? ಅಯ್ಯಪ್ಪನನ್ನು ಎಲ್ಲರೆದುರು ನಿಲ್ಲಿಸಿ ಉರ್ದುವಿನಲ್ಲಿ ಬೈದರು. ಎರಡು ಸಲ ಅಳೆದದ್ದು ನಿಜ, ಆದರೆ ಎರಡು ಸಲವೂ ಹಿಂದಿನ ಹಿಡಿ ಇದ್ದದ್ದು ಒಂದೇ ಕೈಯಲ್ಲಿ. ಹಾಳೆಗಳಾದರೆ ಎರಡು, ಬರೆದ ಕೈಯೂ ಎರಡು, ಹೀಗಿರುವಾಗ ಯಾವುದನ್ನು ನಂಬಲಿ ಎಂದು ಕೇಳಿದರು. ಶನಿವಾರದ ಹಾಜರಿಯಲ್ಲಿ ಅಯ್ಯಪ್ಪನ ಹೆಸರು ಹೊಡೆದು ಹಾಕುವುದಾಗಿ ಹೇಳಿ ಡೇರೆಗೆ ಹೋದರು. ಅವತ್ತು ಗುರುವಾರ.

ಬರೆದ ಕೈ ಎರಡು ಎಂಬ ಮಾತಿಗೆ ತಾಯಣ್ಣ ತಲೆ ತಗ್ಗಿಸಿದ. ಆದರೂ, ಹೇಳಲು ನಾಚಿಕೆಯಾಗಬೇಕು, ಅವನಿಗೂ ತನ್ನ ಹಾಳೆಯ ಮೇಲೆ ಅನುಮಾನ ಬರಲಿಲ್ಲ. ಎರಡೆರಡು ಸಲ ಮಾಡಿದ್ದೇನೆ, ಎರಡು ಸಲವೂ ಅದೇ ಬಂದಿದೆ. ಅಪ್ಪನಿಗೆ ವಯಸ್ಸಾಯಿತು, ಕೈ ಸೋತಿರಬೇಕು ಅಂದುಕೊಂಡ. ಅಪ್ಪ ಜಾಲಿ ಗಿಡದ ಕೆಳಗೆ ಸರಪಳಿ ಸುತ್ತಿಡುತ್ತಿದ್ದಲ್ಲಿಗೆ ಹೋಗಿ ಕೇಳಿಯೇಬಿಟ್ಟ.

"ಯಪ್ಪಾ, ಖರೇ ಹೇಳು. ಜೋಲು ಬಿಟ್ಟಿದ್ದೇನು?"

ಅಯ್ಯಪ್ಪ ತಲೆಯೆತ್ತಿ ಮಗನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಸರಪಳಿಯ ಕಡೆ ತಿರುಗಿ, "ಬಿಟ್ಟಿರಬೇಕು ಬಿಡು" ಎಂದ.

ಅಷ್ಟೇ. ಜಗಳವಿಲ್ಲ, ಆಣೆಯಿಲ್ಲ, ಕೂಗಾಟವಿಲ್ಲ. ಎರಡಂಗುಲಕ್ಕೆ ಊಟ ಬಿಡುತ್ತಿದ್ದವನು ಎರಡು ಅಡಿಯನ್ನು ಒಂದೇ ಮಾತಿನಲ್ಲಿ ಒಪ್ಪಿಕೊಂಡುಬಿಟ್ಟ. ತಾಯಣ್ಣನಿಗೆ ಅಲ್ಲಿಂದ ಎದ್ದು ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಶುಕ್ರವಾರ ಬೆಳಗಾದ ಮೇಲೆ ಹಾಳೆ ತೆಗೆದು ಕೂತ.

ಈ ಸಲ ಲಾಗ್ ಮುಟ್ಟಲಿಲ್ಲ. ಯಾವ ಉಪಾಯವೂ ಬೇಡವೆಂದು ಹಟ ಹಿಡಿದು, ಪುಸ್ತಕದ ಹಿಂದಿನ ಪುಟದಲ್ಲಿದ್ದ ಕೋನದ ಬೆಲೆಗಳನ್ನೇ ತೆಗೆದುಕೊಂಡು ಉದ್ದಕ್ಕೆ ಗುಣಿಸಿದ, ಉದ್ದಕ್ಕೆ ಭಾಗಿಸಿದ. ಮೂರು ಹಾಳೆ ತುಂಬಿದವು. ಒಂದು ಕಡೆ ಎಡವಿ ಮತ್ತೆ ಮೊದಲಿಂದ ಶುರು ಮಾಡಿದ. ಬಿಸಿಲು ನೆತ್ತಿಗೇರಿದಾಗ ಉತ್ತರ ಬಂತು. ಎಂಟು ಸಾವಿರದ ಆರುನೂರ ನಲವತ್ತು. ಅಪ್ಪನ ಅಳತೆ, ಒಂದು ಅಂಗುಲ ಆ ಕಡೆ ಈ ಕಡೆ ಇಲ್ಲ.

ತಾಯಣ್ಣ ದಿಗ್ಗನೆ ಎದ್ದ. ಹಾಳೆ ತೆಗೆದುಕೊಂಡು ಮುನ್ಷಿಯವರ ಡೇರೆಗೆ ಓಡಿದ. ಅವರು ಚಾಪೆಯ ಮೇಲೆ ಕೂತು ತಸ್ಬಿಯ ಜಪಮಣಿ ಎಣಿಸುತ್ತಿದ್ದರು.

"ಸಾಬ್ರ, ಭಾಗಿಸಿದ್ರ ನಮ್ಮಪ್ಪಂದು ಬರ್ತದ. ಕೋಲಾಗ್ ಹಚ್ಚಿದ್ರ ಎರಡು ಫೂಟು ಕಮ್ಮಿ ಬರ್ತದ. ಎಲ್ಲಿ ತಪ್ಪಾತ್ರಿ?"

"ಯಾವುದರ ಕೋಲಾಗು? ಕೋನ ಓದು."

"ನಲವತ್ತೇಳು ಡಿಗ್ರಿ ಇಪ್ಪತ್ತೆಂಟು ಮಿನಿಟು. ಅದರ ಸೈನಿನ ಲಾಗು ಒಂಬತ್ತು ಚುಕ್ಕಿ ಎಂಟು ಆರು ಏಳು ನಾಕು ಸೊನ್ನಿ."

"ಕೋಲಾಗು?"

"ಸೊನ್ನಿ ಚುಕ್ಕಿ ಒಂದು ಮೂರು ಎರಡು ಐದು ಸೊನ್ನಿ."

ಮುನ್ಷಿಯವರ ಕೈಯ ತಸ್ಬಿ ನಿಂತಿತು. "ಕೊನೀಕ ಸೊನ್ನಿ ಅದ. ಸೊನ್ನೀನ ಏನ ಮಾಡಿದಿ?"

"ಕೊನೀ ಅಂಕಿ ಹತ್ತರಾಗಿಂದ ಅಂದಿದ್ರಲ್ರಿ. ಹತ್ತರಾಗ ಸೊನ್ನಿ ಹೋದ್ರ ಹತ್ತು. ಒಂದು ಮನಿಯಾಗ ಹತ್ತು ಹ್ಯಾಂಗ ಬರೀಲಿ, ಸೊನ್ನಿ ಬರದೆ."

"ಹಾಯ್ ಅಲ್ಲಾ!" ಮುನ್ಷಿಯವರು ಹಣೆ ಹಿಡಿದುಕೊಂಡರು. "ಸೊನ್ನಿ ಸೊನ್ನೀನ ಉಳೀಬೇಕು ಬೇಟಾ. ಹತ್ತರಾಗಿಂದ ಕಳಿಯೂದು ಅದರ ಹಿಂದಿನ ಅಂಕಿ. ನಾಕು ಹತ್ತರಾಗ ಹೋದ್ರ ಆರು. ಒಂದು ಮೂರು ಎರಡು ಆರು ಸೊನ್ನಿ. ನಾ ಇದನ್ನ ನಿನಗ ಹೇಳಿಲ್ಲೇನು?"

"ಇಲ್ರಿ."

"ಹೇಳಿಲ್ಲ" ಎಂದರು ಮುನ್ಷಿಯವರು. ಮೂವತ್ತು ವರ್ಷ ಅವರ ಕೈ ತಾನಾಗಿಯೇ ಅದನ್ನು ಮಾಡುತ್ತ ಬಂದಿತ್ತು, ಬಾಯಿಯಿಂದ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮೊದಲ ಹದಿಮೂರು ತ್ರಿಕೋನದಲ್ಲಿ ಕೊನೆಗೆ ಸೊನ್ನೆ ಬಿದ್ದಿರಲಿಲ್ಲ. ಹದಿನಾಲ್ಕನೆಯದರಲ್ಲಿ ಬಿತ್ತು. ಇವರ ಕಣ್ಣು ನೆಟ್ಟಗಿದ್ದು, ಇವರ ಹಾಳೆ ಇವರೇ ಮಾಡಿದ್ದರೆ, ಅದೇ ಸಂಜೆ ಎರಡು ಹಾಳೆ ಬೇರೆ ಬೇರೆ ಉತ್ತರ ಕೊಟ್ಟು ತಪ್ಪು ಸಿಕ್ಕಿಬೀಳುತ್ತಿತ್ತು. ಇಬ್ಬರಿಗೂ ಅದು ಹೊಳೆಯಿತು.

ತಾಯಣ್ಣನೇ ಮೊದಲು ಮಾತೆತ್ತಿದ. "ತಪ್ಪು ನಂದು ಅಂತ ಹೇಳ್ತೀನ್ರಿ. ಆದ್ರ ಎರಡು ಹಾಳ್ಯಾಗೂ ಒಂದೇ ತಪ್ಪು ಹ್ಯಾಂಗ ಬಂತು ಅಂತ ಸಾಹೇಬ್ರು ಕೇಳ್ತಾರಲ್ರಿ. ಏನ ಹೇಳ್ಲಿ?"

ಮುನ್ಷಿಯವರು ತಸ್ಬಿಯನ್ನು ಮಡಿಚಿ ಜೇಬಿಗೆ ಹಾಕಿದರು. ನಿವೃತ್ತಿಗಿದ್ದ ಏಳು ತಿಂಗಳಲ್ಲಿ ಎರಡು ಕಳೆದು ಇನ್ನು ಐದು ಉಳಿದಿದ್ದವು. "ನೀ ಹೋಗು. ನನಗ ಸ್ವಲ್ಪ ಹೊತ್ತು ಬೇಕು" ಎಂದರು.

ತಾಯಣ್ಣ ಹೊರಗೆ ಬಂದು ಜೋಳ ತುಂಬಿಡುವ ನೆಲಗುಂಡಿಯ, ಹಗೇವಿನ, ಮುಚ್ಚಳಗಲ್ಲಿನ ಮೇಲೆ ಕೂತ. ಹೇಳಿದರೆ ಮೆಟ್ಟಿಲ ಮೇಲೆ ಅನ್ನ ಹಂಚಿಕೊಂಡವರ ಮಾನ ಹೋಗುತ್ತದೆ. ಹೇಳದಿದ್ದರೆ ಅಪ್ಪ ಹದಿನೆಂಟು ವರ್ಷ ಗಳಿಸಿದ ಮಾನ ಹೋಗುತ್ತದೆ. ಎರಡು ಹಾಳೆಯೂ ನನ್ನವೇ, ಮುನ್ಷಿಯವರಿಗೆ ಗೊತ್ತಾಗದಂತೆ ನಾನೇ ಬದಲಿಸಿದೆ ಎಂದು ಸುಳ್ಳು ಹೇಳಿದರಾಯಿತು ಎಂದು ನಿಶ್ಚಯ ಮಾಡಿದ. ಕೆಲಸ ಹೋದರೆ ಹೋಯಿತು. ಬಿಸಿಲು ಇಳಿದ ಮೇಲೆ ಎದ್ದು ಸಾಹೇಬರ ಡೇರೆಯ ಕಡೆ ನಡೆದ.

ಡೇರೆಯ ಹತ್ತು ಹೆಜ್ಜೆ ಈಚೆಗೆ ಮುನ್ಷಿಯವರು ನಿಂತಿದ್ದರು. ಕಪ್ಪು ಶೇರ್ವಾನಿ, ಎಲ್ಲಾ ಗುಂಡಿ ಹಾಕಿದ್ದು, ತಲೆಯ ಮೇಲೆ ಟೋಪಿ. ಹೈದರಾಬಾದಿನಿಂದ ದೊಡ್ಡವರು ಬಂದಾಗ ಮಾತ್ರ ಹಾಕಿಕೊಳ್ಳುವ ಉಡುಪು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಬೆವೆತಿತ್ತು.

"ಯಾರು, ತಾಯಣ್ಣೇನು? ಬಾ. ಡೇರೇದ ಹಗ್ಗ ಎಲ್ಲವ ಕಾಣವಲ್ದು. ನನ್ನ ಕೈ ಹಿಡಿ."

"ಸಾಬ್ರ, ನಾ ಒಬ್ಬನ..."

"ಹಿಡಿ ಅಂದೆ."

ಒಳಗೆ ಹೋಗಿ ಮುನ್ಷಿಯವರು ಸಲಾಮು ಮಾಡಿದರು, ಕನ್ನಡಕ ತೆಗೆದು ಸಾಹೇಬರ ಮೇಜಿನ ಮೇಲಿಟ್ಟರು. ಲಾಗ್ ಪುಸ್ತಕದ ಯಾವ ಪುಟವನ್ನಾದರೂ ತೆರೆದು ಕೊಡಿ, ಒಂದು ಅಂಕಿ ಓದಿದರೆ ನಾನು ಸುಳ್ಳುಗಾರ ಎಂದರು. ಎರಡು ತಿಂಗಳಿಂದ ನನ್ನ ಹಾಳೆಯನ್ನು ಈತ ಮಾಡುತ್ತಿದ್ದಾನೆ, ನಾನು ಮಾಡಿಸುತ್ತಿದ್ದೇನೆ. ತಪ್ಪು ಮಾಡಿದ್ದು ಈತನ ಕೈ, ಅರ್ಧ ಪಾಠ ಹೇಳಿದ್ದು ನನ್ನ ಬಾಯಿ. ಅಯ್ಯಪ್ಪನ ಸರಪಳಿ ಸರಿಯಾಗಿದೆ. ಇಷ್ಟನ್ನೂ ಉಸಿರು ಕಟ್ಟಿ ಹೇಳಿ ನಿಂತರು. ತಾಯಣ್ಣ ತನ್ನ ಮೂರು ಹಾಳೆಯ ಭಾಗಾಕಾರ ಮುಂದಿಟ್ಟ. ಒಬ್ಬನ ಲೆಕ್ಕಕ್ಕೆ ನಾನು ಹದಿನಾಲ್ಕು ಸಲ ಸಹಿ ಹಾಕಿದೆನೇ ಎಂದು ಸಾಹೇಬರು ಗುಡುಗಿದರು. ಆಮೇಲೆ ಬಹಳ ಹೊತ್ತು ಆ ಭಾಗಾಕಾರ ನೋಡಿದರು. ಮುನ್ಷಿಯವರು ಮುಂಜಾನೆಯ ಮೋಟಾರಿಗೆ ರಾಯಚೂರಿಗೆ ಹೋಗಬೇಕು, ಮತ್ತೆ ಲೆಕ್ಕಕ್ಕೆ ಬರಕೂಡದು. ತಾಯಣ್ಣ ಹಾಳೆ ಮುಟ್ಟಕೂಡದು, ನಾಳೆಯಿಂದ ಹೊಲದಲ್ಲಿ ಬಾವುಟ ಹಿಡಿಯಬೇಕು. ಅಯ್ಯಪ್ಪ ಇದ್ದಲ್ಲೇ ಇರಲಿ. ಹೀಗೆ ಹುಕುಂ ಆಯಿತು.

ಹೊರಗೆ ಬಂದ ಮೇಲೆ ತಾಯಣ್ಣ ಅಪ್ಪನನ್ನು ಹುಡುಕಿಕೊಂಡು ಹೋದ. ಅಯ್ಯಪ್ಪ ಎರೆ ಹೊಲದ ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ.

"ಯಪ್ಪಾ, ನಿನ್ನ ಹೆಸರು ಹೊಡಿಯಂಗಿಲ್ಲ. ತಪ್ಪು ನಂದಿತ್ತು."

"ಗೊತ್ತದ" ಎಂದ ಅಯ್ಯಪ್ಪ.

"ಯಾರು ಹೇಳಿದ್ರು ನಿನಗ?"

"ಯಾರು ಯಾಕ ಹೇಳಬೇಕು? ಹಿಡಿ ಹಿಡದಾಂವ ನಾನು. ಜೋಲು ಬಿಟ್ಟಿಲ್ಲಂತ ನನಗ ಗೊತ್ತಿಲ್ಲೇನು? ಹಂಗಂದ್ರ ತಪ್ಪು ಹಾಳ್ಯಾಗ ಅದ. ಹಾಳಿ ಬರದಾಂವ ನೀನು. ಇಷ್ಟು ತಿಳಿಯಾಕ ಶಾಲಿಗೆ ಹೋಗಬೇಕೇನು?"

"ಮತ್ತ ನಾ ಕೇಳಿದಾಗ ಬಿಟ್ಟಿರಬೇಕು ಅಂತ ಯಾಕಂದಿ?"

ಅಯ್ಯಪ್ಪ ತಂಬಾಕಿನ ಧೂಳು ಕೊಡವಿದ. "ನನ್ನ ಹೆಸರು ಹೊಡದ್ರ ನಾ ಎಲ್ಲೆರ ಕಲ್ಲು ಹೊತ್ತು ತಿಂತಿದ್ದೆ. ನಮ್ಮ ಕೇರ್ಯಾಗ ಲೆಕ್ಕ ಬರಿಯಾಂವ ಅಂತ ಹುಟ್ಟಿದ್ದು ನೀನೊಬ್ಬನ. ನಿನ್ನ ಹೆಸರು ಹೊಡಸಿ ನಾ ಯಾವ ಅಳತಿ ಗೆಲ್ಲಬೇಕಾಗಿತ್ತಪಾ?"

ತಾಯಣ್ಣನಿಗೆ ಆಗ ಇಪ್ಪತ್ತೆರಡು ವರ್ಷ. ಮೀಸೆ ಬಂದ ಗಂಡಸು, ಸರಪಳಿಯವರೆಲ್ಲ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಆ ಬದುವಿನ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ಅತ್ತ.